ಕೈ ತಿಂದ ಸಿಮೆಂಟು

ಗಾರೆ ಕೆಲಸದವರ ಬಾಯಲ್ಲಿ ಒಂದು ಮಾತಿದೆ: ‘ಸಿಮೆಂಟು ಕೈ ತಿನ್ನುತ್ತೆ.’ ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಮೂರನೇ ದಿನ ಬೆರಳು ಬಿಡಿಸಿ ತೋರಿಸಿದರೆ ಹಳಬರು ಹೇಳುವುದು ಇಷ್ಟೇ. ‘ತಿನ್ನುತ್ತೆ ಕಣೋ, ತಿಂದು ತಿಂದು ಕೈ ಪಳಗುತ್ತೆ.’ ನನಗೂ ಹಾಗೇ ಹೇಳಿದ್ದರು. ನಾನೂ ಎಷ್ಟೋ ಹುಡುಗರಿಗೆ ಹಾಗೇ ಹೇಳಿದ್ದೇನೆ. ಇಪ್ಪತ್ತೆರಡು ವರ್ಷ ಕರಣೆ ಹಿಡಿದ ನನ್ನ ಕೈ ಪಳಗಿದ್ದೂ ನಿಜ, ಆಮೇಲೆ ಕೆಟ್ಟದ್ದೂ ನಿಜ. ಈಗ ಹಸಿ ಸಿಮೆಂಟಿನ ಒಂದು ಹನಿ ಬಿದ್ದರೆ ಎರಡು ದಿನಕ್ಕೆ ಕೈ ಊದುತ್ತದೆ. ಹೇಗೆ ಹಾಗಾಯಿತು ಅಂತ ಬರೆಯಬೇಕು ಅನ್ನಿಸಿದೆ. ಈ ಕೆಲಸದಲ್ಲಿರುವವರು, ಅವರ ಮನೆಯವರು ಓದಿದರೆ ಸಾಕು.

ಪಿಯುಸಿ ಫೇಲಾದ ವರ್ಷ ಅಪ್ಪನ ಜೊತೆ ಕೆಲಸಕ್ಕೆ ಇಳಿದೆ. ನಮ್ಮದು ಗುಬ್ಬಿ ತಾಲ್ಲೂಕು. ಅಪ್ಪ ಸುಣ್ಣದ ಗಾರೆಯ ಕಾಲದವರು. ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಸಿ ಮನೆ ಕಟ್ಟಿದ್ದನ್ನು ಕಂಡವರು, ಆಮೇಲೆ ಸಿಮೆಂಟಿಗೆ ಬಂದವರು. ಅವರ ಅಂಗೈ ಮುಟ್ಟಿದರೆ ಹಲಸಿನಕಾಯಿ ಸವರಿದ ಹಾಗಿರುತ್ತಿತ್ತು. ಸುಣ್ಣ ಸುಟ್ಟ ಕಲೆ ಮೊಣಕೈವರೆಗೂ ಇದ್ದವು. ವಯಸ್ಸಾಗಿ ಕೆಲಸ ಬಿಟ್ಟರು, ಎರಡು ತಿಂಗಳಿಗೆ ಕೈ ಮೆತ್ತಗಾಯಿತು. ಮತ್ತೆಂದೂ ಅವರಿಗೆ ಕೈ ತುರಿಸಲಿಲ್ಲ. ನನ್ನ ಕೈಯೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಕೈ ಹೇಗಿರುತ್ತದೆ ಅನ್ನುವುದನ್ನು ಈ ಕೆಲಸ ಮಾಡದವರಿಗೆ ಹೇಳಬೇಕು. ಮೊದಲು ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು ಬೀಳುತ್ತವೆ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಊಟಕ್ಕೆ ಕೂತು ಸಾರಿನಲ್ಲಿ ಕೈ ಇಟ್ಟಾಗ ಒಂದೊಂದೂ ಲೆಕ್ಕಕ್ಕೆ ಸಿಗುತ್ತದೆ. ಆಮೇಲೆ ಗೆಣ್ಣುಗಳ ಮೇಲೆ ಚರ್ಮ ಒಣಗಿ ಬೂದಿ ಬಳಿದ ಹಾಗಾಗುತ್ತದೆ, ಬಿರುಕು ಬಿಡುತ್ತದೆ. ಸಂಜೆ ಕೈ ತೊಳೆಯುವುದು ಗಾರೆ ಕಲಸಲು ಇಟ್ಟ ಡ್ರಮ್ಮಿನ ನೀರಿನಲ್ಲೇ, ಒಂದು ಹಿಡಿ ಮರಳು ಹಾಕಿ ಉಜ್ಜಿ. ಅಂಟಿದ್ದು ಹೋಗದಿದ್ದರೆ ಸೀಮೆಎಣ್ಣೆ, ಇಲ್ಲವೇ ಬಟ್ಟೆ ಒಗೆಯುವ ಪುಡಿ. ಮನೆಗೆ ಬಂದು ತೆಂಗಿನೆಣ್ಣೆ. ಬೆಳಿಗ್ಗೆ ಮತ್ತೆ ಕೆಲಸ. ಉರಿ ಇರುತ್ತಿತ್ತು, ಭಾನುವಾರ ಕಳೆದರೆ ಅರ್ಧ ಇಳಿಯುತ್ತಿತ್ತು. ಅದನ್ನು ಕಾಯಿಲೆ ಅಂತ ಯಾರೂ ಕರೆಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನೆಲಮಂಗಲದ ಕಡೆ ಒಂದು ಅಪಾರ್ಟ್‌ಮೆಂಟಿನ ಬಚ್ಚಲುಮನೆಗಳ ಟೈಲ್ಸ್ ಕೆಲಸ ಹಿಡಿದೆ. ಜುಲೈಯಿಂದ ಜನವರಿವರೆಗೆ ಅದೇ ಕೆಲಸ. ಗೋಡೆಯ ಪ್ಲಾಸ್ಟರ್ ಆದರೆ ಕರಣೆ ಮತ್ತು ಮಟ್ಟಗೋಲಿನಲ್ಲಿ ಹೆಚ್ಚು ಕೆಲಸ, ಕೈ ನೇರ ತಾಗುವುದು ಕಡಿಮೆ. ಟೈಲ್ಸಿನಲ್ಲಿ ಹಾಗಲ್ಲ. ಸಿಮೆಂಟ್ ಹಾಲು ಸುರಿದು ಬರಿಗೈಯಲ್ಲಿ ಸವರಬೇಕು, ಟೈಲ್ ಕೂರಿಸಬೇಕು, ಸಂದು ತುಂಬಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮಳೆಗಾಲ ಬೇರೆ. ದಿನಕ್ಕೆ ಒಂಬತ್ತು ಗಂಟೆ ಕೈ ಒಣಗಿದ್ದೇ ಇಲ್ಲ. ಕಾರ್ತೀಕದ ಚಳಿ ಬರುವಷ್ಟರಲ್ಲಿ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿ ಸೀಳಿತು. ಕರಣೆಯ ಹಿಡಿ ಕೂರುವ ಜಾಗ ಅದು. ಫೆವಿಕ್ವಿಕ್ ಹಾಕಿ ಸೀಳು ಅಂಟಿಸಿಕೊಂಡು ಕೆಲಸ ಮಾಡಿದ ದಿನಗಳೂ ಇವೆ. ಅಂಗಿಯ ತೋಳು ಒದ್ದೆಯಾಗಿ ಮಣಿಕಟ್ಟಿಗೆ ಅಂಟಿಕೊಂಡಿರುತ್ತಿತ್ತು, ಅಲ್ಲಿ ಬಳೆಯ ಹಾಗೆ ಒಂದು ಕೆಂಪು ಸುತ್ತು ಎದ್ದಿತು.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ದನಗಳ ಜಾತ್ರೆಗೆ ಹೋಗುವುದು ನಮ್ಮ ಮನೆಯಲ್ಲಿ ತಪ್ಪಿದ್ದಲ್ಲ. ಆ ಸಲ ಊರಿನಲ್ಲೇ ಹದಿನೈದು ದಿನ ನಿಂತೆ. ಕೈ ಪೂರ್ತಿ ಮಾಗಿತು, ಸೀಳು ಕೂಡಿತು. ಬೆಂಗಳೂರಿಗೆ ಮರಳಿದ ಮೊದಲ ದಿನ ಕಲಸಿದ್ದು ಒಂದೇ ಒಂದು ಬಾಂಡ್ಲಿ, ಬಿರುಕು ಬಿಟ್ಟ ನಾಲ್ಕು ಟೈಲ್ಸ್ ಕಿತ್ತು ಕೂರಿಸಲು. ಅರ್ಧ ಗಂಟೆಯ ಕೆಲಸ, ಮುಗಿದ ಕೂಡಲೇ ಕೈ ತೊಳೆದೆ. ಆ ರಾತ್ರಿ ಏನೂ ಇಲ್ಲ. ಮಾರನೇ ದಿನ ಸಂಜೆ ತುರಿಕೆ ಶುರುವಾಯಿತು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಲಗೈಯ ಹಿಂಭಾಗ ಊದಿ ಗೆಣ್ಣುಗಳೇ ಮಾಯ. ಬೆರಳ ಬದಿಯಲ್ಲಿ, ಸಂದಿಯಲ್ಲಿ, ಬೆಂದ ಸಬ್ಬಕ್ಕಿ ಕಾಳು ಅಂಟಿಸಿದ ಹಾಗೆ ನೀರುಗುಳ್ಳೆಗಳು. ಸಿಮೆಂಟು ತಾಗದ ಮುಂಗೈಯವರೆಗೂ ಕೆಂಪು ಏರಿತ್ತು. ಎಡಗಣ್ಣಿನ ರೆಪ್ಪೆಯೂ ಬಾತಿತ್ತು.

ನನ್ನ ಹೆಂಡತಿ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ‘ರೀ, ಇದು ಸಿಮೆಂಟ್ ತಿಂದಿದ್ದಲ್ಲ. ಇಷ್ಟು ವರ್ಷ ನೋಡಿದೀನಿ, ಇದು ಬೇರೆ ಏನೋ’ ಅಂದಳು. ಡಾಕ್ಟರು ಆಮೇಲೆ ಹೇಳಿದ್ದನ್ನು ಅವಳು ಆವತ್ತೇ ಹೇಳಿದ್ದಳು. ನಾನು ಕೇಳಲಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಕೈ ತೋರಿಸಿದೆ, ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೂರು ದಿನಕ್ಕೆ ತುರಿಕೆ ನಿಂತು ಕೈ ತಿಳಿಯಾಯಿತು. ಬಿಟ್ಟ ವಾರಕ್ಕೆ ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್ ಮೂರನ್ನೂ ಕಲಸಿದ ಮುಲಾಮು ಅದು ಅಂತ ತಿಳಿದದ್ದು ತಡವಾಗಿ. ನಾಲ್ಕು ಟ್ಯೂಬ್ ಮುಗಿಸಿದೆ. ಕೈಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು.

ಈ ನಡುವೆ ಕೈ ಉಳಿಸಿಕೊಳ್ಳೋಣ ಅಂತ ಒಂದು ಜೊತೆ ಚರ್ಮದ ಗ್ಲೌಸ್ ಕೊಂಡೆ, ಗಟ್ಟಿಯಾದದ್ದು, ವೆಲ್ಡಿಂಗಿನವರು ಹಾಕುವಂಥದ್ದು. ಅದನ್ನು ಹಾಕಿ ಕೆಲಸ ಮಾಡಿದ ವಾರ ಗ್ಲೌಸಿನ ಆಕಾರಕ್ಕೇ ಕೈ ಕೆಂಪಾಯಿತು, ಮಣಿಕಟ್ಟಿನ ಹತ್ತಿರ ಗೆರೆ ಎಳೆದ ಹಾಗೆ. ಅದೇ ವಾರ ಪಾದದ ಮೇಲೆ, ಚಪ್ಪಲಿಯ ಪಟ್ಟಿ ಕೂರುವ ಕಡೆ, ತುರಿಸತೊಡಗಿತು. ಕಾಲಿಗೆ ಸಿಮೆಂಟು ತಾಗಿಯೇ ಇರಲಿಲ್ಲ. ಆಗ ಹೆದರಿಕೆಯಾಯಿತು. ರಕ್ತ ಕೆಟ್ಟಿದೆ ಅಂದರು ಒಬ್ಬರು. ಬದನೆಕಾಯಿ ಬಿಡು ಅಂದರು ಇನ್ನೊಬ್ಬರು. ಬಿಟ್ಟೆ. ಏನೂ ಆಗಲಿಲ್ಲ.

ಕೊನೆಗೆ ಹೋದದ್ದು ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ. ಎರಡೂವರೆ ಗಂಟೆ ಸಾಲಿನಲ್ಲಿ ನಿಂತೆ. ಒಳಗಿದ್ದ ಮೇಡಂ ಕೈ ನೋಡುವ ಮೊದಲು ಕೇಳಿದ ಪ್ರಶ್ನೆ ಇವತ್ತೂ ನೆನಪಿದೆ. ‘ಉರಿಯುತ್ತೋ, ತುರಿಸುತ್ತೋ?’ ಮೊದಲು ಉರಿಯುತ್ತಿತ್ತು, ಈಗ ತುರಿಸುತ್ತೆ ಅಂದೆ. ‘ಕೆಲಸ ಮಾಡ್ತಾ ಇರುವಾಗಲೇ ಶುರುವಾಗುತ್ತಾ, ಒಂದೆರಡು ದಿನ ಬಿಟ್ಟಾ?’ ಒಂದು ದಿನ ಬಿಟ್ಟು ಅಂದೆ. ‘ಎಷ್ಟು ಸಿಮೆಂಟ್ ಮುಟ್ಟಿದರೆ ಬರುತ್ತೆ?’ ಮೊದಲು ದಿನವಿಡೀ ಕೈ ಹಾಕಿದರೂ ಇಷ್ಟಾಗುತ್ತಿರಲಿಲ್ಲ, ಈಗ ಹನಿ ಸಿಡಿದರೆ ಸಾಕು ಅಂದೆ. ಅವರು ಪೆನ್ನು ಕೆಳಗಿಟ್ಟರು. ‘ನಿಮಗೆ ಎರಡು ಆಗಿದೆ. ಮೊದಲನೆಯದು ಎರಡನೆಯದನ್ನ ಕರೆದುಕೊಂಡು ಬಂದಿದೆ’ ಅಂದರು.

ಏನು ಕೆಲಸ ಅಂತ ಕೇಳಿ, ಓಪಿಡಿ ಚೀಟಿಯ ಹಿಂದೆ ಇಟ್ಟಿಗೆ ಗೋಡೆಯ ಚಿತ್ರ ಬರೆದರು. ಚರ್ಮದ ತೀರಾ ಮೇಲಿನ ಪದರ ಹೀಗೇ ಇರುತ್ತದಂತೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಈ ಹೋಲಿಕೆ ನನಗೋಸ್ಕರ ಹುಟ್ಟಿಸಿದ್ದಲ್ಲ, ಚರ್ಮದ ವೈದ್ಯರು ತಮ್ಮ ಪಾಠದಲ್ಲೇ ಹೀಗೆ ಓದುತ್ತಾರಂತೆ. ಕೈಯ ಹಿಂಭಾಗದಲ್ಲಿ ಆ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ. ಅದು ಗಟ್ಟಿ ಇರುವವರೆಗೆ ಹೊರಗಿನದು ಹೊರಗೆ, ಒಳಗಿನ ತೇವ ಒಳಗೆ.

ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ ಸುಮಾರು 5. ನೀರು ಬಿದ್ದ ಸಿಮೆಂಟಿನ ಪಿಎಚ್ 12ರಿಂದ 13. ಸುಣ್ಣದಷ್ಟೇ ಖಾರ. ಆ ಕ್ಷಾರ ಇಟ್ಟಿಗೆಗಳ ನಡುವಿನ ಜಿಡ್ಡನ್ನು ಕರಗಿಸುತ್ತದೆ. ಮರಳು ಇಟ್ಟಿಗೆಯನ್ನೇ ಕೆರೆಯುತ್ತದೆ. ಒಣ ಪುಡಿ ಇದ್ದ ತೇವವನ್ನೂ ಹೀರುತ್ತದೆ. ಸಂಜೆ ನಾವು ಹಾಕುವ ಸೀಮೆಎಣ್ಣೆ, ಸೋಪಿನ ಪುಡಿ ಉಳಿದ ಜಿಡ್ಡನ್ನು ಎತ್ತುತ್ತದೆ. ‘ಸಿಮೆಂಟು ತಿನ್ನುತ್ತೆ ಅಂತೀರಲ್ಲ, ಅದು ತಿನ್ನೋದು ಇದನ್ನೇ’ ಅಂದರು. ಇದಕ್ಕೆ ಅಲರ್ಜಿ ಬೇಕಿಲ್ಲ. ಸಾಕಷ್ಟು ಹೊತ್ತು ಕೈ ಇಟ್ಟರೆ ಯಾರ ಕೈಯನ್ನಾದರೂ ತಿನ್ನುತ್ತದೆ, ಬಿಟ್ಟರೆ ಮಾಗುತ್ತದೆ. ಅಪ್ಪನ ಕೈಗೆ ಆದದ್ದು ಅಷ್ಟೇ.

ಸೋರುವ ಗೋಡೆ ಅಂದರೇನು ಅಂತ ನನಗೆ ಯಾರೂ ವಿವರಿಸಬೇಕಿಲ್ಲ. ತಾರಸಿಯ ಮೇಲೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಯಾರಿಗೂ ಕಾಣುವುದಿಲ್ಲ, ಮಳೆ ಬಿದ್ದ ಮೂರನೇ ದಿನ ಒಳಗಿನ ಬಣ್ಣ ಉಬ್ಬುತ್ತದೆ. ನನ್ನ ಕೈಯ ಬಿರುಕಿನಲ್ಲಿ ಇಳಿದದ್ದು ಕ್ರೋಮಿಯಂ.

ಸಿಮೆಂಟಿನಲ್ಲಿ ಕ್ರೋಮಿಯಂ ಇದೆ ಅಂತ ಇಪ್ಪತ್ತೆರಡು ವರ್ಷ ಮೂಟೆ ಬಿಚ್ಚಿದ ನನಗೆ ಗೊತ್ತಿರಲಿಲ್ಲ. ಯಾರೂ ಬೇಕೆಂದು ಹಾಕುವುದಲ್ಲ. ಸುಣ್ಣದ ಕಲ್ಲು, ಜೇಡಿ ಮಣ್ಣಿನಲ್ಲೇ ಚೂರು ಇರುತ್ತದೆ, ಗೂಡಿನ ಒಳಗೆ ಕಟ್ಟಿದ ಇಟ್ಟಿಗೆಯಿಂದಲೂ ಸೇರಬಹುದು. ಗೂಡಿನ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಒಂದಷ್ಟು ಪಾಲು ನೀರಿನಲ್ಲಿ ಕರಗುವ ಬಗೆಗೆ, ಆರು ವೇಲೆನ್ಸಿಯ ಕ್ರೋಮಿಯಂಗೆ, ತಿರುಗುತ್ತದೆ. ಗಾರೆಗೆ ನೀರು ಹಾಕಿದ ಕೂಡಲೇ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಸಿಮೆಂಟಿನಲ್ಲಿ ಅದರ ಪ್ರಮಾಣ ಬಹಳ ಕಡಿಮೆ, ಕಿಲೋಗೆ ಮಿಲಿಗ್ರಾಂ ಲೆಕ್ಕ. ಆದರೆ ಬಿರುಕು ಬಿಟ್ಟ ಚರ್ಮದಲ್ಲಿ ದಿನವಿಡೀ ಇಳಿಯಲು ಅಷ್ಟು ಸಾಕು. ಒಳಗೆ ಇಳಿದದ್ದು ಮೂರು ವೇಲೆನ್ಸಿಯ ರೂಪಕ್ಕೆ ಬದಲಾಗಿ ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ನಮ್ಮ ಪ್ರೋಟೀನೇ ಮೈಗೆ ಪರಕೀಯವಾಗಿ ಕಾಣುತ್ತದೆ.

ಇದನ್ನು ಖಚಿತ ಮಾಡಲು ಪ್ಯಾಚ್ ಟೆಸ್ಟ್ ಮಾಡಬೇಕು ಅಂದರು. ಕೂಡಲೇ ಮಾಡುವಂತಿರಲಿಲ್ಲ, ಕೈ ಒಸರುತ್ತಿತ್ತು. ಪರ್ಮಾಂಗನೇಟ್ ಹರಳು ಹಾಕಿದ ತಿಳಿ ಗುಲಾಬಿ ನೀರಿನಲ್ಲಿ ದಿನಕ್ಕೆರಡು ಸಲ ಕೈ ಅದ್ದುವುದು, ಅವರು ಬರೆದ ಮುಲಾಮು ಲೆಕ್ಕ ಹಾಕಿ ಹಚ್ಚುವುದು, ಉಳಿದ ಹೊತ್ತು ಬರೀ ವ್ಯಾಸಲೀನ್. ಮೂರು ವಾರ ಕೆಲಸ ಪೂರ್ತಿ ಬಂದ್. ಕೂಲಿ ಇಲ್ಲದ ಮೂರು ವಾರ ಅಂದರೆ ಏನು ಅಂತ ದಿನಗೂಲಿಯವರಿಗೆ ಗೊತ್ತು.

ಟೆಸ್ಟಿಗೆ ಸೋಮವಾರ ಬಾ ಅಂದರು. ಬೆನ್ನು ಬರಿದು ಮಾಡಿ ಕೂರಿಸಿದರು. ಒಂದು ಟೇಪಿನ ಪಟ್ಟಿಯಲ್ಲಿ ಹತ್ತು ಪುಟ್ಟ ಬಿಲ್ಲೆ, ಅಂಗಿಯ ಗುಂಡಿಗಿಂತ ಸಣ್ಣವು. ಅಂಥ ಎರಡು ಪಟ್ಟಿ. ಒಂದೊಂದು ಬಿಲ್ಲೆಗೆ ಸಿರಿಂಜಿನಿಂದ ಒಂದೊಂದು ಬಗೆಯ ಮುಲಾಮು ಹಿಂಡಿದರು: ನಿಕಲ್, ಕೋಬಾಲ್ಟ್, ಕೂದಲ ಬಣ್ಣದ ಪಿಪಿಡಿ, ರಬ್ಬರಿಗೆ ಸೇರಿಸುವ ರಾಸಾಯನಿಕಗಳು, ಸುಗಂಧದ ಮಿಶ್ರಣ, ಎಪಾಕ್ಸಿ, ನಮ್ಮ ಕಾಂಗ್ರೆಸ್ ಗಿಡ ಪಾರ್ಥೇನಿಯಂ, ಪೊಟ್ಯಾಸಿಯಂ ಡೈಕ್ರೊಮೇಟ್. ಒಂದರಲ್ಲಿ ಬರೀ ವ್ಯಾಸಲೀನ್, ಹೋಲಿಸಿ ನೋಡಲು. ಡೈಕ್ರೊಮೇಟ್ ಅನ್ನುವುದೇ ನನ್ನ ಸಿಮೆಂಟಿನ ಕ್ರೋಮಿಯಂ, ನೂರು ಭಾಗ ವ್ಯಾಸಲೀನಿಗೆ ಅರ್ಧ ಭಾಗ. ಬೆನ್ನ ಮೇಲೆ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿದರು. ಎರಡು ದಿನ ಬೆನ್ನಿಗೆ ನೀರು ಹಾಕಬಾರದು, ಬೆವರಬಾರದು, ಭಾರ ಎತ್ತಬಾರದು. ಬೇಸಿಗೆಯ ಸೆಕೆ, ಶೀಟಿನ ಮನೆ. ಮಗಳು ರಾತ್ರಿ ಪಕ್ಕದಲ್ಲಿ ಕೂತು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಗಾಳಿ ಬೀಸಿದಳು.

ಈ ಪರೀಕ್ಷೆ ಹೊಸದಲ್ಲ ಅಂತ ಆಮೇಲೆ ಓದಿದೆ. 1895ರಲ್ಲಿ ಬ್ರೆಸ್ಲಾವ್ ಊರಿನ ಯೋಸೆಫ್ ಯಾಡಾಸೋನ್ ಎಂಬ ಚರ್ಮವೈದ್ಯರು ಪಾದರಸದ ಮುಲಾಮು ಹಚ್ಚಿ ಇದನ್ನು ಮೊದಲು ತೋರಿಸಿದರಂತೆ. ಇವತ್ತಿಗೂ ಮೂಲ ಅದೇ: ಅನುಮಾನ ಇರುವುದನ್ನು ಚರ್ಮಕ್ಕೆ ತಾಗಿಸಿ, ಕಾದು ನೋಡು.

ಬುಧವಾರ ಪಟ್ಟಿ ಕಿತ್ತರು. ಅರ್ಧ ಗಂಟೆ ಬಿಟ್ಟು ಮೇಡಂ ಬೆರಳಿನಿಂದ ಸವರಿ ನೋಡಿದರು. ಎರಡು ಕಡೆ ಎದ್ದಿತ್ತು. ನನಗೆ ಕಾಣಲಿ ಅಂತ ನನ್ನ ಫೋನಿನಲ್ಲೇ ಫೋಟೊ ತೆಗೆದು ತೋರಿಸಿದರು. ಒಂದು ಡೈಕ್ರೊಮೇಟ್, ಇನ್ನೊಂದು ಕೋಬಾಲ್ಟ್. ಎರಡೂ ಕೆಂಪಾಗಿ ಒಂದೇ ಥರ ಕಂಡವು. ‘ಎರಡೂ ಅಲರ್ಜಿನಾ ಮೇಡಂ?’ ಅಂದೆ. ‘ಈಗ ಹೇಳಲ್ಲ, ಶುಕ್ರವಾರ ಬನ್ನಿ’ ಅಂದರು.

ಶುಕ್ರವಾರ ಹೋಗುವಷ್ಟರಲ್ಲಿ ಕೋಬಾಲ್ಟ್ ಜಾಗದ ಕೆಂಪು ಆರಿ ತೆಳು ಕಂದು ಕಲೆ ಮಾತ್ರ ಉಳಿದಿತ್ತು. ಡೈಕ್ರೊಮೇಟ್ ಜಾಗ ಬಿಲ್ಲೆಯ ಅಂಚು ದಾಟಿ ಹರಡಿ, ದಪ್ಪಗಾಗಿ, ಮೇಲೆ ಸಣ್ಣ ಗುಳ್ಳೆ ಎದ್ದಿತ್ತು. ನನ್ನ ಕೈಯ ಮೇಲೆ ಎದ್ದಂಥವೇ ಗುಳ್ಳೆಗಳು, ಸಾಸಿವೆ ಕಾಳಿನಷ್ಟು. ಸಿಮೆಂಟಿನಿಂದ ಮೂರಡಿ ದೂರವೇ ಇರುವ ಬೆನ್ನಿನ ಮೇಲೆ. ಮೇಡಂ ಎರಡು ಪ್ಲಸ್ ಗುರುತು ಹಾಕಿದರು. ಆರಿಹೋದದ್ದು ಬರೀ ಕೆರಳಿಕೆ, ಪದಾರ್ಥ ಚುಚ್ಚಿದ್ದಕ್ಕೆ ಚರ್ಮದ ಸಿಟ್ಟು, ತೆಗೆದರೆ ಇಳಿಯುತ್ತದೆ. ತೆಗೆದ ಮೇಲೂ ಏರುತ್ತ ಹೋದದ್ದು ಅಲರ್ಜಿ, ಮೈ ಅದನ್ನು ನೆನಪಿಟ್ಟುಕೊಂಡಿದೆ. ಕೈಯಲ್ಲಿ ಇಪ್ಪತ್ತೆರಡು ವರ್ಷ ಒಂದರ ಮೇಲೊಂದು ಕಲಸಿಹೋಗಿದ್ದ ಎರಡನ್ನೂ ಬೆನ್ನಿನ ಮೇಲೆ ಬೇರೆ ಬೇರೆಯಾಗಿ ನೋಡಿದೆ.

ನನಗೆ ಇದ್ದ ಪ್ರಶ್ನೆ ಒಂದೇ. ಇಪ್ಪತ್ತೆರಡು ವರ್ಷ ಇದೇ ಸಿಮೆಂಟು, ಇದೇ ಕ್ರೋಮಿಯಂ. ಈಗ ಯಾಕೆ?

ಸಾಲು ಕಾಯುತ್ತಿದ್ದರೂ ಮೇಡಂ ಸಮಾಧಾನವಾಗಿ ಹೇಳಿದರು. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಚರ್ಮದ ಒಳಗೆ ಕಾವಲಿನ ಕೋಶಗಳಿವೆ. ಲ್ಯಾಂಗರ್‌ಹಾನ್ಸ್ ಕೋಶ ಅಂತ ಅವುಗಳಲ್ಲಿ ಒಂದು ಬಗೆ, 1868ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವಿದ್ಯಾರ್ಥಿ ಕಂಡದ್ದರಿಂದ ಆ ಹೆಸರು. ಈ ಕಾವಲುಗಾರರು ಹೊಸದಾಗಿ ಬಂದದ್ದನ್ನೆಲ್ಲ ಶತ್ರು ಅನ್ನುವುದಿಲ್ಲ. ಸುತ್ತಲಿನ ಚರ್ಮ ನೆಮ್ಮದಿಯಾಗಿದ್ದರೆ ಬಂದದ್ದನ್ನು ನೋಡಿ ಸುಮ್ಮನಾಗುತ್ತಾರೆ, ಮೈಗೆ ಸಹಿಸಿಕೊಳ್ಳುವುದನ್ನು ಕಲಿಸುತ್ತಾರೆ. ಚರ್ಮ ಕೆರಳಿ ಗಾಯಗೊಂಡಿದ್ದರೆ ಕಥೆ ಬೇರೆ. ಏಟು ತಿಂದ ಚರ್ಮದ ಕೋಶಗಳು ಅಪಾಯದ ಕೂಗು ಹಾಕುತ್ತವೆ, ಅಂದರೆ ಇಂಟರ್‌ಲ್ಯೂಕಿನ್-1, ಟಿಎನ್ಎಫ್ ಮುಂತಾದ ರಾಸಾಯನಿಕಗಳನ್ನು ಹೊರಬಿಡುತ್ತವೆ. ಆ ಕೂಗು ಕೇಳಿದ ಕಾವಲುಗಾರ ಆಗ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಕಂಕುಳಿನ ಗ್ರಂಥಿಗೆ ಓಡುತ್ತಾನೆ, ಅಲ್ಲಿ ಟಿ-ಕೋಶಗಳಿಗೆ, ಅಂದರೆ ಹೊರಗಿನದರ ಮೇಲೆ ಹೋರಾಡುವ ಬಿಳಿ ರಕ್ತಕಣಗಳಿಗೆ, ‘ಇವನೇ ಕಳ್ಳ’ ಅಂತ ತೋರಿಸುತ್ತಾನೆ. ಒಂದೆರಡು ವಾರದಲ್ಲಿ ಆ ಗುರುತು ಹಿಡಿದ ಟಿ-ಕೋಶಗಳ ದಂಡು ಬೆಳೆಯುತ್ತದೆ. ಕೈ ಸುಟ್ಟದ್ದು ಕ್ಷಾರ, ಸಿಕ್ಕಿಬಿದ್ದದ್ದು ಅದರ ಜೊತೆ ಒಳಬಂದ ಕ್ರೋಮಿಯಂ. ಕ್ರೋಮಿಯಂ ತಾನೂ ಅಷ್ಟಿಷ್ಟು ಕೆರಳಿಸುವಂಥದ್ದೇ, ಆದರೆ ಸಿಮೆಂಟಿನಲ್ಲಿರುವಷ್ಟು ಚೂರಿಗೆ ಈ ಗದ್ದಲ ಎಬ್ಬಿಸುವ ಶಕ್ತಿ ಕಡಿಮೆ. ಗದ್ದಲಕ್ಕೆ ಕ್ಷಾರ, ಮರಳು, ಸೀಮೆಎಣ್ಣೆ ಇದ್ದವಲ್ಲ.

ನೆಲಮಂಗಲದ ಆ ಆರು ತಿಂಗಳು ಬಾಗಿಲು ತೆರೆದದ್ದೂ ಅದೇ ಉರಿ, ಕೂಗು ಹಾಕಿದ್ದೂ ಅದೇ ಉರಿ. ಊರಿಗೆ ಹೋಗಿ ಕೈ ಮಾಗಿದ ಹದಿನೈದು ದಿನದಲ್ಲಿ ದಂಡು ತಯಾರಾಗಿ ನಿಂತಿತ್ತು. ಮರಳಿ ಬಂದು ಒಂದು ಬಾಂಡ್ಲಿ ಕಲಸಿದಾಗ ಎದ್ದದ್ದು ಅದು. ಮೇಡಂ ಇನ್ನೊಂದು ಮಾತು ಹೇಳಿದರು: ಯಾವ ದಿನ ಯಾವ ಬಿರುಕಿನಿಂದ ಅಂತ ಯಾರೂ ಬೆರಳಿಟ್ಟು ತೋರಿಸಲಾರರು, ವರ್ಷಗಟ್ಟಲೆ ಸಿಮೆಂಟು ಮುಟ್ಟಿದವರಲ್ಲಿ ಎಲ್ಲರಿಗೂ ಹೀಗಾಗುವುದೂ ಇಲ್ಲ. ಆದರೆ ಬಿರುಕು ಇಟ್ಟುಕೊಂಡು ತಿಂಗಳುಗಟ್ಟಲೆ ಒದ್ದೆ ಕೆಲಸ ಮಾಡಿದ ಕೈ ಇದಕ್ಕೆ ಹದವಾಗಿರುತ್ತದೆ.

ಹದ. ನೆಲ ಹದವಾದರೆ ಬೀಜ ಹುಟ್ಟುತ್ತದೆ ಅನ್ನುವ ಅರ್ಥದಲ್ಲೇ ಹೇಳಿದರು. ಬಹಳ ದಿನ ಆ ಪದ ತಲೆಯಲ್ಲಿತ್ತು.

ಚರ್ಮದ ಗ್ಲೌಸ್, ಚಪ್ಪಲಿಯ ಗುಟ್ಟೂ ಆವತ್ತೇ ಬಿಚ್ಚಿತು. ಪೇಟೆಯಲ್ಲಿ ಸಿಗುವ ಚರ್ಮದಲ್ಲಿ ಬಹುಪಾಲು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಬೆವರಿಗೆ ಅದು ಬಿಡುತ್ತದೆ. ಕೈ ಕಾಯಲಿ ಅಂತ ಕೊಂಡದ್ದೇ ಕ್ರೋಮಿಯಂ ತಂದು ಕೈಗೆ ಹಚ್ಚಿತ್ತು. ಈಗ ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ, ಹಬ್ಬಕ್ಕೂ ಅದೇ. ಬೆಲ್ಟೂ ಬಟ್ಟೆಯದು.

ಗ್ಲೌಸ್ ಹಾಕಿದರೆ ಮುಗಿಯಿತು ಅಂತ ಹೇಳುವವರಿಗೆ ಒಂದು ಮಾತು. ಒಳಗೆ ಹತ್ತಿಯ ಪದರ ಇರುವ, ಮೊಣಕೈ ಹತ್ತಿರ ಬರುವ ನೈಟ್ರೈಲ್ ಅನ್ನುವ ಕೃತಕ ರಬ್ಬರಿನ ಗ್ಲೌಸ್ ನನಗೆ ಬರೆದುಕೊಟ್ಟರು. ಒಳ್ಳೆಯದೇ. ಆದರೆ ಒಂದು ಸಲ ಅದರೊಳಗೆ ಸಿಮೆಂಟ್ ನೀರು ಹೋಯಿತೋ, ಬರಿಗೈಗಿಂತ ಕೆಡುಕು. ಬೆವರು, ಕ್ಷಾರ, ಕ್ರೋಮಿಯಂ ಮೂರೂ ಮುಚ್ಚಿದ ಪಾತ್ರೆಯಲ್ಲಿಟ್ಟ ಹಾಗೆ ದಿನವಿಡೀ ಚರ್ಮಕ್ಕೆ ಅಂಟಿರುತ್ತವೆ. ತುದಿ ಮಡಚಿ ಹಾಕಬೇಕು, ಒಳಗೆ ಒದ್ದೆಯಾದರೆ ಅಲ್ಲೇ ತೆಗೆದು ಕೈ ತೊಳೆದು ಬೇರೆ ಜೊತೆ ಹಾಕಬೇಕು. ಬಾತ್‌ರೂಮಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಟೈಲ್ ಕೂರಿಸುವವನಿಗೆ ಇದು ಸುಲಭವಲ್ಲ. ಗೊತ್ತಿದ್ದೇ ಹೇಳುತ್ತಿದ್ದೇನೆ.

ಬೇರೆ ದೇಶಗಳಲ್ಲಿ ಇದಕ್ಕೆ ಮೂಟೆಯಲ್ಲೇ ಪರಿಹಾರ ಹುಡುಕಿದ್ದಾರೆ. ಡೆನ್ಮಾರ್ಕಿನಲ್ಲಿ 1980ರ ದಶಕದ ಆರಂಭದಿಂದಲೇ ಸಿಮೆಂಟಿಗೆ ಚೂರು ಫೆರಸ್ ಸಲ್ಫೇಟ್ ಬೆರೆಸುತ್ತಾರೆ. ನಮ್ಮ ಕಡೆ ಹಳಬರು ಅನ್ನಭೇದಿ ಅನ್ನುತ್ತಿದ್ದ ಉಪ್ಪು ಅದು. ಅದು ಕರಗುವ ಕ್ರೋಮಿಯಂ ಅನ್ನು ಕರಗದ ಬಗೆಗೆ ಇಳಿಸುತ್ತದೆ. 2005ರಿಂದ ಐರೋಪ್ಯ ಒಕ್ಕೂಟದ ದೇಶಗಳಲ್ಲೆಲ್ಲ ಕೈ ತಾಗುವಂಥ ಸಿಮೆಂಟಿನಲ್ಲಿ ಕರಗುವ ಆರು ವೇಲೆನ್ಸಿಯ ಕ್ರೋಮಿಯಂ ಕಿಲೋಗೆ 2 ಮಿಲಿಗ್ರಾಂ ದಾಟಬಾರದು ಅಂತ ಕಾನೂನಿದೆ. ನಾನು ಎತ್ತಿದ ಸಾವಿರಾರು ಮೂಟೆಗಳ ಮೇಲೆ ಅಂಥ ಒಂದು ಸಾಲು ಓದಿದ ನೆನಪಿಲ್ಲ. ಇದು ನನಗೆ ನೋವಿನ ಸಂಗತಿ. ಅನ್ನಭೇದಿ ಹಾಕಿದರೂ ಕ್ಷಾರ ಹಾಗೇ ಇರುತ್ತದೆ, ಕೈ ಉರಿಯುವುದು ತಪ್ಪುವುದಿಲ್ಲ. ಆದರೆ ಉರಿದ ಕೈಯಲ್ಲಿ ಕಾವಲುಗಾರನಿಗೆ ಹಿಡಿದುಕೊಂಡು ಓಡಲು ಕ್ರೋಮಿಯಂ ಅಷ್ಟಾಗಿ ಸಿಗುವುದಿಲ್ಲ.

ನಮ್ಮ 1948ರ ಫ್ಯಾಕ್ಟರಿ ಕಾಯ್ದೆಗೆ ಮೂರನೇ ಅನುಸೂಚಿ ಅಂತ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಮಾಡಿದ್ದರು. ರಾಸಾಯನಿಕ, ಬಣ್ಣ ನೇರ ತಾಗಿ ಬರುವ ಇಸುಬು ಅದರಲ್ಲಿತ್ತು. ಎರಡು ಬಗೆ ಅಂತಲೂ ಬರೆದಿತ್ತು: ಕೆರಳಿಸುವುದರಿಂದ ಬರುವುದು, ಅಲರ್ಜಿಯಿಂದ ಬರುವುದು. ಓದಿದಾಗ ಮೇಡಂ ಕೇಳಿದ ಮೊದಲ ಪ್ರಶ್ನೆಯೇ ನೆನಪಾಯಿತು. ಕಟ್ಟಡದ ಸೈಟು ಫ್ಯಾಕ್ಟರಿ ಅಲ್ಲ, ಆ ಮಾತು ಬೇರೆ.

ಈಗ ನಾನು ಕರಣೆ ಹಿಡಿಯುವುದಿಲ್ಲ. ಅಳತೆ, ಗುರುತು ಹಾಕುವುದು, ಮಟ್ಟ ನೋಡುವುದು, ಸಾಮಾನಿನ ಲೆಕ್ಕ, ಹುಡುಗರಿಗೆ ಕೆಲಸ ಹೇಳುವುದು. ಸಂಪಾದನೆ ಮೊದಲಿಗಿಂತ ಕಡಿಮೆ. ಕ್ರೋಮಿಯಂ ಅಲರ್ಜಿ ಒಂದು ಸಲ ಬಂದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ, ಸಿಮೆಂಟು ಬಿಟ್ಟ ಮೇಲೂ ಕೆಲವರಿಗೆ ಇಸುಬು ಆರುವುದಿಲ್ಲ ಅಂತ ಮೇಡಂ ಮೊದಲೇ ಹೇಳಿದ್ದರು. ನನ್ನದು ಮುಕ್ಕಾಲು ಪಾಲು ಆರಿದೆ. ಉಳಿದ ಕಾಲು ಪಾಲಿನಲ್ಲಿ ಒಂದು ಗಮನಿಸಿದ್ದೇನೆ. ಹೆಂಡತಿ ತವರಿಗೆ ಹೋಗಿದ್ದ ಒಂದು ವಾರ ಪಾತ್ರೆ ತೊಳೆದು ತೊಳೆದು ಸೋಪಿಗೆ ಕೈ ಒಡೆಯಿತು. ಆ ವಾರ ಸೈಟಿನಲ್ಲಿ ಒಣ ಸಿಮೆಂಟಿನ ಧೂಳು ಕೂತಿದ್ದ ಟೇಪ್ ಮುಟ್ಟಿದ್ದಕ್ಕೇ ಗುಳ್ಳೆ ಎದ್ದವು. ಕೈ ಗಟ್ಟಿಯಾಗಿದ್ದ ದಿನಗಳಲ್ಲಿ ಅದೇ ಟೇಪು ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ಮೇಡಂಗೆ ಹೇಳಿದೆ. ಹೌದು, ಅಲರ್ಜಿ ಬಂದ ಮೇಲೂ ಉರಿಯ ಪಾತ್ರ ಮುಗಿಯುವುದಿಲ್ಲ, ಚರ್ಮ ಕೆರಳಿದ್ದಾಗ ಎಷ್ಟೋ ಕಡಿಮೆ ಪ್ರಮಾಣಕ್ಕೂ ಅದು ಏಳುತ್ತದೆ ಅಂದರು. ಅದಕ್ಕೇ ಮಲಗುವ ಮುಂಚೆ ವ್ಯಾಸಲೀನ್ ಹಚ್ಚುವುದನ್ನು ಒಂದು ದಿನವೂ ಬಿಡುವುದಿಲ್ಲ. ಸಿಮೆಂಟು ಮುಟ್ಟದ ದಿನವೂ.

ನಮ್ಮ ಸೈಟಿನಲ್ಲಿ ಎರಡು ಡ್ರಮ್ಮು ಇಡಿಸಿದ್ದೇನೆ. ಒಂದು ಗಾರೆ ಕಲಸಲು, ಇನ್ನೊಂದು ಕೈ ತೊಳೆಯಲು ಮಾತ್ರ, ಮೇಲೆ ಮುಚ್ಚಳ. ಮರಳಿನಿಂದ ಉಜ್ಜುವುದು ಬಂದ್, ಸೀಮೆಎಣ್ಣೆ ಬಂದ್. ಊಟಕ್ಕೆ ಬಿಡುವಾಗೊಮ್ಮೆ, ಸಂಜೆಯೊಮ್ಮೆ ತೊಳೆದು ಒರೆಸಿ ಎಣ್ಣೆ ಹಚ್ಚಬೇಕು. ಒದ್ದೆ ತೋಳಿನ ಅಂಗಿ ಬದಲಿಸಬೇಕು. ಯಾರ ಕೈಯಲ್ಲಿ ಸೀಳು ಕಂಡರೂ ಅವನನ್ನು ಸಿಮೆಂಟ್ ಹಾಲಿನಿಂದ ಎಬ್ಬಿಸಿ ಇಟ್ಟಿಗೆ ಹೊರಲೋ ಮರಳು ಜರಡಿ ಹಿಡಿಯಲೋ ಹಾಕುತ್ತೇನೆ, ಸೀಳು ಕೂಡುವವರೆಗೆ. ಗುತ್ತಿಗೆದಾರರು ಒಂದೆರಡು ಸಲ ಗೊಣಗಿದರು. ನನ್ನ ಬೆನ್ನಿನ ಫೋಟೊ ಫೋನಿನಲ್ಲಿ ಇನ್ನೂ ಇದೆ, ತೋರಿಸಿದೆ.

ಯಾದಗಿರಿಯಿಂದ ಬಂದ ಒಬ್ಬ ಹುಡುಗ ಇದ್ದಾನೆ, ಹತ್ತೊಂಬತ್ತು ವರ್ಷ, ಟೈಲ್ಸಿನಲ್ಲಿ ಒಳ್ಳೆಯ ಕೈ. ದಿನಾ ಸಂಜೆ ಅವನ ಕೈ ತಿರುಗಿಸಿ ನೋಡುತ್ತೇನೆ. ‘ಉರೀತಾ?’ ಅಂತ ಕೇಳುತ್ತೇನೆ. ‘ಸ್ವಲ್ಪ ಉರಿಲಿಕ್ಕತ್ತದ ಅಣ್ಣಾ’ ಅನ್ನುತ್ತಿದ್ದ, ಇಲ್ಲವೇ ಸುಮ್ಮನೆ ತಲೆಯಾಡಿಸುತ್ತಿದ್ದ. ಮೊನ್ನೆ ಶನಿವಾರ ಕೇಳಿದಾಗ ಕೈ ಹಿಂದಕ್ಕೆ ಎಳೆದುಕೊಂಡ.

‘ಉರಿಯಂಗಿಲ್ಲ ಅಣ್ಣಾ. ತುರಸ್ತದ. ನಿನ್ನೆ ರಾತ್ರಿಯಿಂದ.’

ಮಂಗಳವಾರ ಚರ್ಮದ ಓಪಿಡಿ. ಬೆಳಿಗ್ಗೆ ಏಳಕ್ಕೆ ಚೀಟಿ ಮಾಡಿಸಬೇಕು, ಅವನ ಜೊತೆ ನಾನೇ ಹೋಗುತ್ತಿದ್ದೇನೆ.